ಸಾಬರಮತಿ ದಂಡೆ: ಹೊಳೆಯೊಳಗಿಂದ ತೆಗೆದ ಐನೂರು ಎಕರೆ ಯಾರ ಪಾಲಾಯಿತು?

ಅಹಮದಾಬಾದ್ ನಗರದ ನಟ್ಟನಡುವೆ ಇವತ್ತು ಐನೂರು ಎಕರೆ ಸಾರ್ವಜನಿಕ ನೆಲ ಇದೆ. 2005ಕ್ಕೆ ಮುಂಚೆ ಆ ನೆಲ ಇರಲೇ ಇಲ್ಲ. ಯಾವ ರೈತನಿಂದಲೂ ಸ್ವಾಧೀನ ಮಾಡಿಕೊಂಡದ್ದಲ್ಲ, ಯಾವ ಮುಚ್ಚಿದ ಮಿಲ್ಲಿನ ಆವರಣವೂ ಅಲ್ಲ. ಸಾಬರಮತಿ ನದಿಯನ್ನು ಎರಡೂ ಕಡೆಯಿಂದ ಒಳಕ್ಕೆ ಒತ್ತಿ, ಕಾಂಕ್ರೀಟ್ ಗೋಡೆ ಎಬ್ಬಿಸಿ, ಗೋಡೆಯ ಹಿಂದೆ ಮಣ್ಣು ತುಂಬಿ ಮಾಡಿದ ನೆಲ ಅದು. ಅಧಿಕೃತ ಲೆಕ್ಕದಲ್ಲಿ 202.79 ಹೆಕ್ಟೇರ್. ಬೆಂಗಳೂರಿನವರಿಗೆ ಅಂದಾಜು ಸಿಗಬೇಕೆಂದರೆ, ಎರಡು ಲಾಲ್‌ಬಾಗ್ ಹಿಡಿಸುವಷ್ಟು.

ಇಷ್ಟು ದೊಡ್ಡ ಆಸ್ತಿ ಯಾವ ಪಾಲಿಕೆಗೂ ಸುಲಭಕ್ಕೆ ದಕ್ಕುವುದಿಲ್ಲ. ಅದು ಕೈಗೆ ಬಂದಾಗ ಊರು ಅದರಿಂದ ಏನು ಮಾಡಿತು, ಯಾರನ್ನು ಎಬ್ಬಿಸಿತು, ಯಾರಿಗೆ ಜಾಗ ಕೊಟ್ಟಿತು, ಯಾವುದಕ್ಕೆ ಟಿಕೆಟ್ ಇಟ್ಟಿತು ಎಂಬುದನ್ನು ನಾವು ಕೂತು ಓದಬೇಕಾದ ಕಾಲ ಇದು. ದೇಶದ ಹತ್ತಾರು ಊರುಗಳು ಇದನ್ನೇ ಮಾದರಿ ಎಂದು ಹಿಡಿದುಕೊಂಡು ತಮ್ಮ ತಮ್ಮ ಹೊಳೆಗಳಿಗೆ ಯೋಜನೆ ಬರೆಯುತ್ತಿವೆ. ನಮ್ಮ ರಾಜ್ಯವೂ ಅದರಲ್ಲಿ ಸೇರಿದೆ.

ಮುಂಚೆ ಅಲ್ಲಿ ಏನಿತ್ತು

ಸಾಬರಮತಿ ಅರಾವಳಿಯಲ್ಲಿ, ರಾಜಸ್ಥಾನದ ಉದಯಪುರದ ಕಡೆ ಹುಟ್ಟಿ ಸುಮಾರು 370 ಕಿ.ಮೀ. ಹರಿದು ಖಂಭಾತ್ ಕೊಲ್ಲಿ ಸೇರುವ ನದಿ. ಮಳೆಗಾಲದಲ್ಲಿ ಉಕ್ಕುತ್ತದೆ, ಉಳಿದ ತಿಂಗಳು ಮರಳಿನ ನಡುವೆ ತೆಳ್ಳಗೆ ಹರಿಯುತ್ತಿತ್ತು. 1970ರ ದಶಕದಲ್ಲಿ ಮೇಲ್ಭಾಗದಲ್ಲಿ ಧರೋಯಿ ಅಣೆಕಟ್ಟು ಬಂದ ಮೇಲೆ ಆ ತೆಳುಹರಿವೂ ಬಹುಮಟ್ಟಿಗೆ ನಿಂತಿತು. ಅಹಮದ್ ಷಾ 1411ರಲ್ಲಿ ಪೂರ್ವದಂಡೆಯಲ್ಲಿ ಊರು ಕಟ್ಟಿಸಿದ. 1892ರ ಎಲ್ಲಿಸ್ ಸೇತುವೆಯಾದ ಮೇಲೆ ಊರು ಪಶ್ಚಿಮಕ್ಕೂ ದಾಟಿ ಬೆಳೆಯಿತು. 1917ರಲ್ಲಿ ಗಾಂಧೀಜಿ ಆಶ್ರಮ ಕಟ್ಟಿಕೊಂಡದ್ದೂ, 1930ರಲ್ಲಿ ದಂಡಿಗೆ ಹೊರಟದ್ದೂ ಇದೇ ನದಿಯ ದಂಡೆಯಿಂದ.

ಹೊಸ ನಕ್ಷೆಗಳಲ್ಲಿ ಈ ಮರಳಿನ ಪಾತ್ರವನ್ನು 'ಬಳಕೆಯಾಗದ ಜಾಗ' ಎಂಬ ಧಾಟಿಯಲ್ಲಿ ತೋರಿಸುವ ರೂಢಿ ಇದೆ. ಇದು ತಪ್ಪು ಚಿತ್ರ. ಬೇಸಿಗೆಯಲ್ಲಿ ಅದೇ ಮರಳಿನಲ್ಲಿ ಕಲ್ಲಂಗಡಿ, ಕರಬೂಜ, ಸೊಪ್ಪು, ತರಕಾರಿ ಬೆಳೆಯುವವರಿದ್ದರು. ಅಗಸರು ಬಟ್ಟೆ ಒಗೆದು ಮರಳಿನ ಮೇಲೆ ಹರವುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವವರು, ಅಚ್ಚು ಒತ್ತುವವರು ನೀರಿದ್ದ ಕಡೆ ಜಾಲಿಸಿ ಒಣಗಿಸುತ್ತಿದ್ದರು. ಕತ್ತೆಗಳ ಮೇಲೆ ಮರಳು ಹೊರುವವರಿದ್ದರು. ಸರ್ಕಸ್ ಬಂದರೆ ಡೇರೆ ಬೀಳುತ್ತಿದ್ದುದು ಅಲ್ಲೇ. ಭಾನುವಾರ ಎಲ್ಲಿಸ್ ಸೇತುವೆಯ ಕೆಳಗೆ ದೊಡ್ಡ ಸಂತೆ. ಮಕ್ಕಳಿಗೆ ಕ್ರಿಕೆಟ್ ಆಡಲು ಮೈದಾನ ಬೇರೆ ಬೇಕಿರಲಿಲ್ಲ.

ದಂಡೆಯ ಮೇಲೆ ಸಾವಿರಾರು ಗುಡಿಸಲು, ಅರೆಪಕ್ಕಾ ಮನೆಗಳು. ಅಲ್ಲಿದ್ದವರಲ್ಲಿ ಎಷ್ಟೋ ಜನ ಮಿಲ್ ಕಾರ್ಮಿಕರ ಕುಟುಂಬದವರು. ಅಹಮದಾಬಾದಿನ ಬಟ್ಟೆಗಿರಣಿಗಳು 1980ರ ದಶಕದಿಂದ ಒಂದೊಂದಾಗಿ ಮುಚ್ಚಿದಾಗ ಖಾಯಂ ಕೆಲಸ ಹೋಗಿ ಕೂಲಿ, ತಳ್ಳುಗಾಡಿ, ಮನೆಗೆಲಸ, ಕಸ ಆಯುವುದಕ್ಕೆ ಇಳಿದವರು. ದಂಡೆ ಅವರಿಗೆ ಬೇಕಾದದ್ದು ನೀರಿಗಲ್ಲ, ಊರಿನ ಎರಡು ಭಾಗಗಳ ನಡುವೆ ಕಾಲ್ನಡಿಗೆಯಲ್ಲಿ ಕೆಲಸ ಸಿಗುವ ಜಾಗ ಎಂಬ ಕಾರಣಕ್ಕೆ. ಪ್ರವಾಹ ಬಂದರೆ ಮನೆ ಹೋಗುತ್ತಿತ್ತು. 1973ರ ನೆರೆಯನ್ನು ಹಳಬರು ಮರೆತಿರಲಿಲ್ಲ. ಚರಂಡಿ ಇರಲಿಲ್ಲ, ಊರಿನ ಕೊಳಚೆ ನೇರ ಹೊಳೆಗೆ ಬೀಳುತ್ತಿತ್ತು. ಅಲ್ಲಿನ ಬದುಕು ಚೆನ್ನಾಗಿತ್ತು ಎಂದು ಯಾರೂ ಹೇಳಲಾರರು. ಆದರೆ ಅದು ಖಾಲಿ ಜಾಗವಾಗಿರಲಿಲ್ಲ, ಮತ್ತು ಅದನ್ನು ಬಳಸಲು ಯಾರೂ ಯಾರಿಗೂ ಪ್ರವೇಶ ಶುಲ್ಕ ಕೊಡುತ್ತಿರಲಿಲ್ಲ.

ಯೋಜನೆಯ ಲೆಕ್ಕ

ದಂಡೆ ಕಟ್ಟುವ ಆಲೋಚನೆ ಹಳೆಯದು. 1960ರ ದಶಕದ ಆರಂಭದಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ ಊರಿನ ಕೆಲವು ಗಣ್ಯರೊಡನೆ ಸೇರಿ ಒಂದು ಪ್ರಸ್ತಾವ ಮುಂದಿಟ್ಟರು. ಅದು ಕಾಗದದಲ್ಲೇ ಉಳಿಯಿತು. 1997ರಲ್ಲಿ ಮಹಾನಗರ ಪಾಲಿಕೆ ಇದಕ್ಕೆಂದೇ ಪ್ರತ್ಯೇಕ ಕಂಪನಿ ಮಾಡಿತು: ಸಾಬರಮತಿ ರಿವರ್‌ಫ್ರಂಟ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಲಿಮಿಟೆಡ್. 1998ರಲ್ಲಿ ಬಿಮಲ್ ಪಟೇಲ್ ಅವರ ನೇತೃತ್ವದ ಎನ್ವಿರಾನ್‌ಮೆಂಟಲ್ ಪ್ಲಾನಿಂಗ್ ಕೊಲ್ಯಾಬೊರೇಟಿವ್ ಸಂಸ್ಥೆ ಸಮಗ್ರ ಪ್ರಸ್ತಾವ ಕೊಟ್ಟಿತು. ಮುಂದೆ ದೆಹಲಿಯ ಸೆಂಟ್ರಲ್ ವಿಸ್ಟಾ, ಕಾಶಿ ವಿಶ್ವನಾಥ ಧಾಮಗಳಿಗೂ ವಿನ್ಯಾಸ ಮಾಡಿದವರು ಇದೇ ಪಟೇಲರು.

ಪ್ರತ್ಯೇಕ ಕಂಪನಿ ಎಂಬುದನ್ನು ಲಘುವಾಗಿ ನೋಡಬಾರದು. ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ವಾರ್ಡಿನ ಸದಸ್ಯ ಎದ್ದು ನಿಂತು ಪ್ರಶ್ನೆ ಕೇಳಬಹುದು, ಗಲಾಟೆ ಮಾಡಬಹುದು, ಕಡತ ತರಿಸಬಹುದು. ಕಂಪನಿಯ ತೀರ್ಮಾನಗಳು ನಿರ್ದೇಶಕರ ಮಂಡಳಿಯಲ್ಲಿ ಆಗುತ್ತವೆ. ನೆಲ ಸಾರ್ವಜನಿಕರದ್ದು, ಸಾಲಕ್ಕೆ ಬೆನ್ನು ಕೊಡುವುದು ಪಾಲಿಕೆ, ತೀರ್ಮಾನ ಮಾತ್ರ ಕಂಪನಿಯದ್ದು. ಮುಂದಿನ ಎಷ್ಟೋ ಕಷ್ಟಗಳಿಗೆ ಇದೇ ಬೇರು ಎಂದು ನನಗೆ ಅನ್ನಿಸುತ್ತದೆ.

ಯೋಜನೆಯ ಹಣದ ಲೆಕ್ಕ ಕೇಳಲು ಬಹಳ ಸರಳವಾಗಿತ್ತು. ಹೊಳೆಯಿಂದ ತೆಗೆದ ನೆಲದಲ್ಲಿ ಶೇ 85ಕ್ಕಿಂತ ಹೆಚ್ಚು ರಸ್ತೆ, ಉದ್ಯಾನ, ನಡಿಗೆದಾರಿ, ಮೈದಾನಗಳಿಗೆ. ಉಳಿದ ಸುಮಾರು ಶೇ 14 ವಾಣಿಜ್ಯಕ್ಕೆ ಮತ್ತು ವಸತಿಗೆ. ಆ ಶೇ 14ರಿಂದ ಬರುವ ದುಡ್ಡಿನಲ್ಲಿ ಇಡೀ ಯೋಜನೆಯ ವೆಚ್ಚ ತೀರುತ್ತದೆ, ಜನರ ತೆರಿಗೆ ಹಣ ಬೇಡ. ಈ ಮಾತು ಎಲ್ಲರಿಗೂ ಹಿಡಿಸಿತು. ಒಂದು ಬುಟ್ಟಿ ಮಣ್ಣೂ ಬೀಳುವ ಮುಂಚೆ, 2003ರಲ್ಲಿ, ಯೋಜನೆಗೆ ಪ್ರಧಾನ ಮಂತ್ರಿಗಳ ನಗರ ಯೋಜನೆ ಪ್ರಶಸ್ತಿಯೂ ಬಂತು.

ಕೆಲಸ ಶುರುವಾದದ್ದು 2005ರಲ್ಲಿ. ಒಂದೊಂದು ಕಡೆ ಒಂದೊಂದು ಅಗಲವಿದ್ದ ನದಿಯನ್ನು ಸುಮಾರು 11 ಕಿ.ಮೀ. ಉದ್ದಕ್ಕೂ ಒಂದೇ ಸಮ 263 ಮೀಟರಿಗೆ ತಂದರು. 4.7 ಲಕ್ಷ ಕ್ಯುಸೆಕ್ ನೀರು ಬಂದರೂ ದಂಡೆ ಮೀರದು ಎಂಬುದು ವಿನ್ಯಾಸದ ಲೆಕ್ಕ. ನೀರಿನ ಮಟ್ಟಕ್ಕೆ ಒಂದು ನಡಿಗೆದಾರಿ, ಅದರ ಹಿಂದೆ ಎತ್ತರದ ತಡೆಗೋಡೆ, ಗೋಡೆಯ ಮೇಲೆ ಊರಿನ ಮಟ್ಟಕ್ಕೆ ರಸ್ತೆ ಮತ್ತು ಉದ್ಯಾನ. ಎರಡೂ ಕಡೆ ದೊಡ್ಡ ಕೊಳವೆ ಹಾಕಿ, ಹೊಳೆಗೆ ಬೀಳುತ್ತಿದ್ದ ಕೊಳಚೆಯನ್ನು ತಡೆದು ಪಂಪ್ ಮಾಡಿ ದಕ್ಷಿಣದ ಶುದ್ಧೀಕರಣ ಘಟಕಗಳಿಗೆ ಕಳಿಸುವ ವ್ಯವಸ್ಥೆ ಮಾಡಿದರು. 2012ರ ಆಗಸ್ಟ್ 15ರಂದು ನಡಿಗೆದಾರಿ ಜನರಿಗೆ ತೆರೆಯಿತು. ಸಾಲ ಬಂದದ್ದು ವಸತಿ ಮತ್ತು ನಗರ ಯೋಜನೆಗಳಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಹುಡ್ಕೊದಿಂದ. 2014ರ ಹೊತ್ತಿಗೆ ಖರ್ಚು 1,150 ಕೋಟಿ ರೂಪಾಯಿ ಮುಟ್ಟಿತ್ತು.

ಆ ಶೇ 14ರ ಪ್ಲಾಟುಗಳು? ನಡಿಗೆದಾರಿ ತೆರೆದು ಹೆಚ್ಚುಕಡಿಮೆ ಹತ್ತು ವರ್ಷವಾದರೂ ಅವುಗಳಲ್ಲಿ ಬಹುಪಾಲು ಖಾಲಿಯೇ ಇದ್ದವು. ಎತ್ತರದ ಕಟ್ಟಡಗಳಿಗೆ ಅವಕಾಶ ಕೊಟ್ಟು, ನಿಯಮ ಸಡಿಲಿಸಿ, ಬೆಲೆ ಬರುವಂತೆ ಮಾಡುವ ಪ್ರಯತ್ನ ನಡೆಯುತ್ತಲೇ ಇತ್ತು. ತನ್ನ ಖರ್ಚು ತಾನೇ ದುಡಿಯುತ್ತದೆ ಎಂದ ಯೋಜನೆಯನ್ನು ಅಷ್ಟೂ ವರ್ಷ ಹೊತ್ತು ನಿಂತದ್ದು ಸಾರ್ವಜನಿಕ ಸಾಲ.

ನೀರು ಎಲ್ಲಿಯದು

ಚಿತ್ರಗಳಲ್ಲಿ ಕಾಣುವ ತುಂಬಿದ ಸಾಬರಮತಿ ಸಾಬರಮತಿಯ ನೀರಲ್ಲ. ನರ್ಮದಾ ಮುಖ್ಯ ಕಾಲುವೆ ಊರಿನ ಉತ್ತರಕ್ಕೆ ನದಿಯನ್ನು ದಾಟುತ್ತದೆ. ಅಲ್ಲಿಂದ ಬಿಟ್ಟ ನೀರು ಊರಿನೊಳಗೆ ಬಂದು, ದಕ್ಷಿಣದ ವಾಸಣಾ ಬ್ಯಾರೇಜಿನ ಬಾಗಿಲುಗಳ ಹಿಂದೆ ನಿಲ್ಲುತ್ತದೆ. ಆದ್ದರಿಂದ ಊರಿನೊಳಗೆ ಇರುವುದು ಹರಿಯುವ ಹೊಳೆಯಲ್ಲ, ಹನ್ನೊಂದು ಕಿಲೋಮೀಟರ್ ಉದ್ದದ ನಿಂತ ನೀರು. ನರ್ಮದಾ ಅಣೆಕಟ್ಟಿಗೆ ಅಷ್ಟು ಜನ ಊರು ಬಿಟ್ಟದ್ದು, ಅಷ್ಟು ವರ್ಷ ಹೋರಾಟ ನಡೆದದ್ದು, ಸರ್ಕಾರ ಪ್ರತಿ ಸಲ ಸಮರ್ಥನೆ ಕೊಟ್ಟದ್ದು ಕಛ್ ಮತ್ತು ಸೌರಾಷ್ಟ್ರದ ಬಾಯಾರಿದ ಹಳ್ಳಿಗಳ ಹೆಸರಿನಲ್ಲಿ. ಅದೇ ನೀರಿನ ಒಂದು ಪಾಲು ಊರಿನ ನೋಟಕ್ಕೆ ನಿಂತಿರುವುದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ. ಆ ನೀರಿನಿಂದ ಅಂತರ್ಜಲ ಏರುತ್ತದೆ, ಊರಿಗೂ ಉಪಯೋಗವಿದೆ ಎಂಬ ವಾದ ಇದೆ. ಇರಲಿ. ಆದರೆ ನೀರು ನಿಲ್ಲಿಸದೆ ದಂಡೆಯ ನೆಲಕ್ಕೆ ಬೆಲೆ ಬರುತ್ತಿರಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ವಾಸಣಾದ ಕೆಳಗೆ ಹೋದರೆ ಬೇರೆಯೇ ನದಿ. ಊರಿನ ಕೊಳಚೆ, ದಕ್ಷಿಣ ಮತ್ತು ಪೂರ್ವದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯ ನದಿ ಸೇರುವುದು ಆ ಭಾಗದಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2022ರ ವರದಿಯಲ್ಲಿ ರಾಯಸಣದಿಂದ ವೌಠಾ ತನಕದ ಸಾಬರಮತಿ ದೇಶದ ಎರಡನೇ ಅತಿ ಮಲಿನ ನದಿಭಾಗ. ನೀರಿನ ಕೊಳೆ ಕರಗಲು ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಹೇಳುವ ಬಿಒಡಿ ಪ್ರಮಾಣ ಲೀಟರಿಗೆ 292 ಮಿಲಿಗ್ರಾಂ. ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ಅದು 3ರ ಒಳಗಿರಬೇಕು. 2021ರಲ್ಲಿ ಗುಜರಾತ್ ಹೈಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು ಪಾಲಿಕೆಯನ್ನೂ ಮಾಲಿನ್ಯ ಮಂಡಳಿಯನ್ನೂ ತರಾಟೆಗೆ ತೆಗೆದುಕೊಂಡಿತು. ಕೆಳಗಿನ ಹಳ್ಳಿಗಳ ರೈತರು ಗದ್ದೆಗೆ ಹಾಯಿಸುತ್ತಿರುವುದು ಆ ನೀರನ್ನೇ.

ಎಬ್ಬಿಸಿದವರ ಕಥೆ

ದಂಡೆಯ ಮೇಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಕೆಲಸ ಶುರುವಾಗುವಾಗ ನೆಟ್ಟಗಿನ ಉತ್ತರ ಇರಲಿಲ್ಲ. ಯಾರ ಮನೆ ಹೋಗುತ್ತದೆ, ಯಾವಾಗ ಹೋಗುತ್ತದೆ, ಬದಲಿ ಎಲ್ಲಿ ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಜನರೇ ಸೇರಿ 'ಸಾಬರಮತಿ ನಾಗರಿಕ ಅಧಿಕಾರ ಮಂಚ್' ಕಟ್ಟಿಕೊಂಡರು. ಹಿಂದೂ, ಮುಸ್ಲಿಂ ಎರಡೂ ಕಡೆಯವರು ಅದರಲ್ಲಿದ್ದರು. 2002ರ ಹತ್ಯಾಕಾಂಡ ಆಗಿ ಎರಡೋ ಮೂರೋ ವರ್ಷಕ್ಕೆ ಅದೇ ಊರಿನಲ್ಲಿ ಇಂಥ ಸಂಘಟನೆ ಎದ್ದದ್ದು ಸಣ್ಣ ಸಂಗತಿಯಲ್ಲ. 2005ರಲ್ಲಿ ಮಂಚ್ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಹಿರಿಯ ವಕೀಲ ಗಿರೀಶ್ ಪಟೇಲ್ ಮಂಚ್ ಪರವಾಗಿ ನಿಂತರು. ಬದಲಿ ವ್ಯವಸ್ಥೆ ತೋರಿಸದೆ ಎಬ್ಬಿಸಬಾರದು ಎಂದು ಕೋರ್ಟ್ ತಡೆಯಿತು.

ಆ ತಡೆ ಇಲ್ಲದಿದ್ದರೆ ಈ ಜನಕ್ಕೆ ಮನೆ ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅಷ್ಟರಲ್ಲಿ ನಗರಗಳ ನವೀಕರಣಕ್ಕೆಂದು ಕೇಂದ್ರದ ಜೆ-ನರ್ಮ್ ಯೋಜನೆ ಬಂದಿತ್ತು; ಅದರ ಅಡಿಯಲ್ಲಿ ನಗರದ ಬಡವರಿಗೆ ಮನೆ ಕಟ್ಟಲು ಹಣ ಇತ್ತು. ದಂಡೆಯವರನ್ನು ಆ ಮನೆಗಳಿಗೆ ಸಾಗಿಸುವ ತೀರ್ಮಾನವಾಯಿತು. ಗಮನಿಸಬೇಕು: ಹೊಳೆಯಿಂದ ತೆಗೆದ ಐನೂರು ಎಕರೆಯಲ್ಲಿ ಒಂದು ಮೂಲೆಯನ್ನು ಈ ಕುಟುಂಬಗಳಿಗೆ ಬಿಟ್ಟಿದ್ದರೂ ಸಾಕಿತ್ತು. ಮೊದಲ ಪ್ರಸ್ತಾವದಲ್ಲಿ ಕೆಲವರಿಗಾದರೂ ದಂಡೆಯಲ್ಲೇ ಜಾಗ ಕೊಡುವ ಮಾತಿತ್ತು. ಅದು ಬಿದ್ದುಹೋಯಿತು.

ಮನೆ ಸಿಕ್ಕ ಕಡೆಗಳಲ್ಲಿ ಒಂದು ವಟ್ವಾ, ಊರಿನ ಆಗ್ನೇಯದ ಕೈಗಾರಿಕಾ ಅಂಚು. ಲಿಫ್ಟ್ ಇಲ್ಲದ ನಾಲ್ಕಂತಸ್ತಿನ ಕಟ್ಟಡಗಳ ಸಾಲುಗಳು. ಒಂದು ಕೋಣೆ, ಒಂದು ಅಡುಗೆಮನೆ, ಶೌಚಾಲಯ. ಗುಡಿಸಲಿಗಿಂತ ಗಟ್ಟಿ ಮನೆ, ಕಾಗದಪತ್ರ ಇರುವ ಮನೆ. ಅದು ನಿಜವಾದ ಲಾಭ. ಆದರೆ ಹಂಚಿಕೆ ಕಂಪ್ಯೂಟರ್ ಲಾಟರಿಯಲ್ಲಿ ಆದದ್ದರಿಂದ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಬಡಾವಣೆಗೆ ಬಿದ್ದರು. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಇಲ್ಲ; ಸಾಲ ಕೊಡುತ್ತಿದ್ದ ಅಂಗಡಿ ಇಲ್ಲ.

ಈ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕೆಂದರೆ ಮನೆಗೆಲಸದ ಹೆಂಗಸರ ದಿನಚರಿ ನೋಡಬೇಕು. ದಂಡೆಯಲ್ಲಿದ್ದಾಗ ಸೇತುವೆ ದಾಟಿ ಆಶ್ರಮ ರಸ್ತೆಯ ಕಡೆಯ ಮನೆಗಳಿಗೆ ನಡೆದೇ ಹೋಗಿ, ಬೆಳಿಗ್ಗೆ ಎರಡು ಮನೆ ಮುಗಿಸಿ, ಮಧ್ಯಾಹ್ನ ಮಕ್ಕಳಿಗೆ ಊಟಕ್ಕೆ ಬಂದು, ಸಂಜೆ ಮತ್ತೆ ಒಂದು ಮನೆಗೆ ಹೋಗಬಹುದಿತ್ತು. ವಟ್ವಾದಿಂದ ಅದೇ ಮನೆಗಳಿಗೆ ಹತ್ತು ಕಿ.ಮೀ. ಆಸುಪಾಸು. ಬಸ್ಸಿಗೆ ಕಾಯಬೇಕು, ಶೇರ್ ಆಟೋಗೆ ದುಡ್ಡು ಕೊಡಬೇಕು. ಮಧ್ಯಾಹ್ನ ಮನೆಗೆ ಬಂದು ಹೋಗುವ ಮಾತೇ ಇಲ್ಲ. ಹಾಗಾಗಿ ಮೂರು ಮನೆ ಎರಡಾಗುತ್ತದೆ, ಎರಡರ ಸಂಬಳದಲ್ಲೂ ಒಂದು ಭಾಗ ಆಟೋಗೆ ಹೋಗುತ್ತದೆ. ಇದರ ಮೇಲೆ ಹೊಸ ಮನೆಗೆ ನಿರ್ವಹಣಾ ಶುಲ್ಕ, ಕರೆಂಟ್ ಬಿಲ್ಲು. ಪಕ್ಕಾ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟು ಮತ್ತೆ ಊರೊಳಗಿನ ಯಾವುದೋ ಗುಡಿಸಲಿಗೆ ಬಂದವರ ಮೇಲೆ 'ಮನೆ ಮಾರಿಕೊಂಡರು' ಎಂಬ ದೂರು ಸುಲಭವಾಗಿ ಬರುತ್ತದೆ. ಈ ಲೆಕ್ಕ ಹಾಕಿ ನೋಡಿದವರು ಆ ದೂರು ಹೇಳಲಾರರು.

ದಾಖಲೆ ಸಾಲದವರ ಪಾಡು ಇನ್ನೂ ಕೆಟ್ಟದ್ದು. ಬಾಡಿಗೆಗೆ ಇದ್ದವರು, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು, ಕೂಡುಕುಟುಂಬದಿಂದ ಬೇರೆಯಾದವರು ಹೊರಗುಳಿದರು. ಅಂಥ ಎಷ್ಟೋ ಕುಟುಂಬಗಳನ್ನು ಪಿಪಲಜ್ ಬಳಿಯ ಗಣೇಶನಗರಕ್ಕೆ ಸಾಗಿಸಿದರು. ಊರಿನ ಕಸದ ಗುಡ್ಡವಿರುವ ಪಿರಾಣಾ ಅಲ್ಲಿಂದ ದೂರವಿಲ್ಲ. ಬಿದಿರು, ಟಾರ್ಪಾಲ್ ಕಟ್ಟಿಕೊಂಡು ನೀರಿನ ಟ್ಯಾಂಕರಿಗೆ ಕಾಯುತ್ತಾ ಅವರು ವರ್ಷಗಟ್ಟಲೆ 'ತಾತ್ಕಾಲಿಕ' ಜಾಗದಲ್ಲಿ ಉಳಿದರು.

ರವಿವಾರಿ ಉಳಿದ ಬಗೆ

ಇಡೀ ಪ್ರಕರಣದಲ್ಲಿ ನನಗೆ ಬಹಳ ಪಾಠ ಕಂಡದ್ದು ಭಾನುವಾರದ ಸಂತೆಯಲ್ಲಿ. ಅದನ್ನು ಅಲ್ಲಿಯವರು ಗುಜರಿ ಬಜಾರ್ ಎಂದೂ ರವಿವಾರಿ ಎಂದೂ ಕರೆಯುತ್ತಾರೆ. 1414ರಲ್ಲಿ ಅಹಮದ್ ಷಾ ಕಾಲದಲ್ಲೇ ಶುರುವಾಯಿತೆಂದು ಪ್ರತೀತಿ. ಎಲ್ಲಿಸ್ ಸೇತುವೆಯ ಕೆಳಗಿನ ಜಾಗಕ್ಕೆ ಬಂದದ್ದು 1954ರಲ್ಲಿ. ಹಳೆ ಸ್ಪ್ಯಾನರ್, ಉಳಿ, ಗರಗಸ, ಬಾಗಿಲಿನ ಚಿಲಕ, ಬಳಸಿದ ಬಟ್ಟೆ, ಪಠ್ಯಪುಸ್ತಕ, ಹಗ್ಗದ ಮಂಚ, ಪಾತ್ರೆ, ಕೆಟ್ಟ ರೇಡಿಯೋ, ಮೇಕೆ, ಕೋಳಿ, ಎಲ್ಲವೂ ಅಲ್ಲಿ ಸಿಗುತ್ತದೆ. ಹೊಸಬ ಗಾರೆಯವನು ತನ್ನ ಮೊದಲ ಕರಣೆ ಕೊಳ್ಳುವುದು ಅಲ್ಲಿ. ಕಾಲೇಜು ಹುಡುಗರು ಅರ್ಧ ಬೆಲೆಗೆ ಪುಸ್ತಕ ಹುಡುಕುವುದೂ ಅಲ್ಲೇ. ಮಾರುವವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನೆಲದ ಮೇಲೆ ಒಂದು ಗೋಣಿತಾಟು ಹಾಸಿದರೆ ಅದೇ ಅಂಗಡಿ.

ಯೋಜನೆಯ ನಕ್ಷೆಯಲ್ಲಿ ಈ ಸಂತೆಗೆ ಜಾಗ ಇರಲಿಲ್ಲ. ಸಂಘದವರು ಯೋಜನೆಯೇ ಬೇಡ ಎನ್ನಲಿಲ್ಲ. ನಿಮ್ಮ ನಕ್ಷೆಯೊಳಗೆ ನಮ್ಮನ್ನೂ ಬರೆಯಿರಿ ಎಂದರು. ಊರಿನ ವಿದ್ಯಾಸಂಸ್ಥೆಗಳ ಕೆಲವು ಅಧ್ಯಾಪಕರು, ವಿದ್ಯಾರ್ಥಿಗಳು ಅವರ ಜೊತೆ ಸೇರಿ ಯಾರು ಎಲ್ಲಿ ಕೂರುತ್ತಾರೆ, ಏನು ಮಾರುತ್ತಾರೆ, ಎಷ್ಟು ಜಾಗ ಬೇಕು ಎಂದು ಅಳತೆ ಮಾಡಿ ಪರ್ಯಾಯ ನಕ್ಷೆ ತಯಾರಿಸಿದರು. ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ ಪಾಲಿಕೆ ಒಪ್ಪಿ, ಅದೇ ಜಾಗದ ಹತ್ತಿರ ಕಟ್ಟೆಗಳು, ದೀಪ, ಶೌಚಾಲಯಗಳಿರುವ ಹೊಸ ಸಂತೆಮಾಳ ಕಟ್ಟಿ 2014ರಲ್ಲಿ ತೆರೆಯಿತು. ಆ ವಿನ್ಯಾಸದಲ್ಲೂ ಕೊರತೆಗಳಿವೆ. ಗುರುತಿನ ಚೀಟಿ ಇಲ್ಲದ, ಸಂಘದ ಸದಸ್ಯರಲ್ಲದ ಸಣ್ಣ ಮಾರಾಟಗಾರರು ಅಂಚಿಗೆ ಸರಿದರು. ಹಾಗಿದ್ದರೂ ಸಂತೆ ಉಳಿಯಿತು, ದಂಡೆಯಲ್ಲೇ ಉಳಿಯಿತು.

ಗುಡಿಸಲಿನವರಿಗೂ ಸಂತೆಯವರಿಗೂ ಏನು ವ್ಯತ್ಯಾಸ? ಸಂತೆಯವರಿಗೆ ಹಳೆಯ ಸಂಘವಿತ್ತು, ಜಾಗಕ್ಕೆ ಹಣ ಕಟ್ಟಿದ ದಾಖಲೆಗಳಿದ್ದವು, ಆರು ಶತಮಾನದ ಇತಿಹಾಸವಿತ್ತು. ಮುಖ್ಯವಾಗಿ, ಕೆಲಸ ಇನ್ನೂ ನಡೆಯುತ್ತಿರುವಾಗಲೇ ಕೈಯಲ್ಲಿ ಅಳತೆ ಹಿಡಿದ ನಕ್ಷೆಯಿತ್ತು. ಕಲ್ಲಂಗಡಿ ಬೆಳೆಯುತ್ತಿದ್ದವರ ಬಳಿ ಇದೊಂದೂ ಇರಲಿಲ್ಲ. ಅಗಸರಿಗೆ ದಂಡೆಯ ಬಳಿ ಒಂದು ಧೋಬಿಘಾಟ್ ಸಿಕ್ಕಿತು. ಮರಳಿನಲ್ಲಿ ಬೆಳೆ ತೆಗೆಯುತ್ತಿದ್ದವರು ಯಾವ ಪಟ್ಟಿಯಲ್ಲೂ ಬರಲೇ ಇಲ್ಲ. ಮರಳೇ ಹೋದ ಮೇಲೆ ಅವರನ್ನು ಕೇಳುವವರು ಯಾರು?

ಮನರಂಜನೆಯ ದಂಡೆ

2014ರ ಸೆಪ್ಟೆಂಬರಿನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಪ್ರಧಾನಿಯವರ ಜೊತೆ ಈ ದಂಡೆಯಲ್ಲಿ ಉಯ್ಯಾಲೆಯ ಮೇಲೆ ಕೂತ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಅಲ್ಲಿಂದ ಮುಂದೆ ದಂಡೆ ಊರಿನ ವೇದಿಕೆಯಾಯಿತು. ಜನವರಿಯಲ್ಲಿ ಅಂತಾರಾಷ್ಟ್ರೀಯ ಗಾಳಿಪಟ ಉತ್ಸವ, ಫಲಪುಷ್ಪ ಪ್ರದರ್ಶನ. ಉಳಿದಂತೆ ಮ್ಯಾರಥಾನ್, ವಸ್ತುಪ್ರದರ್ಶನ, ಸಂಗೀತ ಕಾರ್ಯಕ್ರಮ. 2020ರ ಅಕ್ಟೋಬರ್ 31ರಂದು ಏಕತಾ ಪ್ರತಿಮೆಗೆ ಸೀಪ್ಲೇನ್ ಶುರುವಾಯಿತು, ಮರುವರ್ಷವೇ ನಿಂತಿತು. 2022ರ ಆಗಸ್ಟಿನಲ್ಲಿ ಗಾಳಿಪಟದ ಆಕಾರದ ಅಟಲ್ ಪಾದಚಾರಿ ಸೇತುವೆ ತೆರೆಯಿತು. ಆಗ ದೊಡ್ಡವರಿಗೆ 30 ರೂಪಾಯಿ ಟಿಕೆಟ್ ಇಟ್ಟರು. 2023ರ ಜುಲೈನಲ್ಲಿ ಖಾಸಗಿ ಪಾಲುದಾರಿಕೆಯ ತೇಲುವ ರೆಸ್ಟೋರೆಂಟ್ ಹಡಗು ಬಂತು.

ಸಂಜೆಯ ಹೊತ್ತು ಕೆಳಗಿನ ನಡಿಗೆದಾರಿಗೆ ಇವತ್ತಿಗೂ ಟಿಕೆಟ್ ಇಲ್ಲ. ಹಳೆ ಊರಿನ 'ಪೋಳ' ಎಂಬ ಇಕ್ಕಟ್ಟಾದ ಕೇರಿಗಳಿಂದ ಬಂದ ಕುಟುಂಬಗಳು, ಪ್ರೇಮಿಗಳು, ಸೈಕಲ್ ಹುಡುಗರು ಗಾಳಿಗೆ ಕೂರುತ್ತಾರೆ. ಊರಿನೊಳಗೆ ಅಷ್ಟು ಉದ್ದಕ್ಕೆ ವಾಹನದ ಭಯವಿಲ್ಲದೆ ನಡೆಯುವ ಜಾಗ ನಮ್ಮ ಯಾವ ನಗರದಲ್ಲಿದೆ ಹೇಳಿ. ಕೊಳಚೆಯ ಕೊಳವೆಗಳಿಂದ ಊರಿನ ಭಾಗದ ದಂಡೆಗೆ ದುರ್ನಾತ ತಪ್ಪಿದೆ. ಇವನ್ನು ಒಪ್ಪದೆ ಈ ಯೋಜನೆಯ ಬಗ್ಗೆ ಮಾತಾಡುವುದು ಅಪ್ರಾಮಾಣಿಕತೆ.

ನನ್ನ ತಕರಾರು ಬೇರೆ. ಮುಂಚೆ ಈ ನೆಲದಲ್ಲಿ ಜನ ದುಡಿಯುತ್ತಿದ್ದರು. ಈಗ ನೋಡುತ್ತಾರೆ, ನಡೆಯುತ್ತಾರೆ, ಟಿಕೆಟ್ ಕೊಳ್ಳುತ್ತಾರೆ. ಉದ್ಯಾನಕ್ಕೆ ಒಂದು ಶುಲ್ಕ, ಸೇತುವೆಗೆ ಒಂದು, ಪುಷ್ಪ ಪ್ರದರ್ಶನಕ್ಕೆ ಇನ್ನೊಂದು. ಒಂದೊಂದೂ ಚಿಕ್ಕ ಮೊತ್ತ. ಐದು ಜನರ ಮನೆಯವರು ಕೂಡಿ ಹೋದರೆ ಚಿಕ್ಕದಲ್ಲ. ಮಾರಾಟಗಾರನಿಗೆ ಕಾವಲುಗಾರ ಅಡ್ಡ ನಿಲ್ಲುತ್ತಾನೆ, ಗುತ್ತಿಗೆ ಹಿಡಿದ ಮಳಿಗೆಗೆ ದಾರಿ ತೆರೆದಿರುತ್ತದೆ. ಮೈದಾನವನ್ನು ದಿನದ ಬಾಡಿಗೆಗೆ ಕೊಟ್ಟರೆ ಅಷ್ಟು ದಿನ ಅದು ಸಾರ್ವಜನಿಕ ಮೈದಾನವಲ್ಲ.

ಹಾಗೆ ಆದದ್ದಕ್ಕೆ ಕಾರಣ ಆ ಶೇ 14ರ ಲೆಕ್ಕದಲ್ಲೇ ಇದೆ. ಒಂದು ಪ್ಲಾಟಿಗೆ ದೊಡ್ಡ ಬೆಲೆ ಬರಬೇಕಾದರೆ ಅದರ ಎದುರು ನೀರು ತುಂಬಿರಬೇಕು, ದಂಡೆ ಅಚ್ಚುಕಟ್ಟಾಗಿರಬೇಕು, ಗುಡಿಸಲು ಕಾಣಬಾರದು, ಮೇಕೆ ಮೇಯಬಾರದು, ಬಟ್ಟೆ ಹರವಬಾರದು. ಮಾರುವುದು ಶೇ 14 ಮಾತ್ರವಾದರೂ ಉಳಿದ ಶೇ 86 ಹೇಗಿರಬೇಕೆಂದು ಹೇಳುವುದು ಅದೇ. ಕಾಗದದಲ್ಲಿ 'ಬಹುಪಾಲು ಸಾರ್ವಜನಿಕ ಬಳಕೆಗೆ' ಎಂದಿದ್ದರೂ ನೆಲದ ಮೇಲೆ ಆ ಸಾರ್ವಜನಿಕರು ಯಾರು ಎಂಬುದನ್ನು ಮುಂದೆ ಬರಲಿರುವ ಖರೀದಿದಾರನ ಕಣ್ಣು ತೀರ್ಮಾನಿಸಿತು. ಆ ಖರೀದಿದಾರ ಹತ್ತು ವರ್ಷ ಬರಲೇ ಇಲ್ಲ ಎಂಬುದು ಇನ್ನೂ ನೋವಿನ ವಿಷಯ. ಜಾಗ ಖಾಲಿ ಬಿದ್ದಿದ್ದಾಗಲೂ ಅದರಲ್ಲಿ ಯಾರಿಗೂ ಒಂದು ಗೋಣಿತಾಟು ಹಾಸಲು ಬಿಡಲಿಲ್ಲ.

ನಮ್ಮ ಹೊಳೆಗಳಿಗೆ ಬಂದಾಗ

ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಹಣದಲ್ಲಿ ತುಂಗಾ ದಂಡೆಯ ಕೆಲಸ ಶುರುವಾದಾಗ ಎಲ್ಲರ ಬಾಯಲ್ಲೂ ಇದ್ದದ್ದು ಸಾಬರಮತಿಯ ಹೆಸರು. ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಗೆ ನಡಿಗೆದಾರಿ ಬಂದಾಗ ಕರಾವಳಿ ನಿಯಂತ್ರಣ ವಲಯದ ನಿಯಮಗಳ ವಿಚಾರವಾಗಿ ತಕರಾರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಬೆಂಗಳೂರಿಗಂತೂ ಗುತ್ತಿಗೆಯ ಅನುಭವ ಮೊದಲೇ ಇದೆ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನು ಖಾಸಗಿಯವರಿಗೆ ಹದಿನೈದು ವರ್ಷಕ್ಕೆ ಗುತ್ತಿಗೆ ಕೊಡಲು ಹೊರಟಿತು. 2008ರಲ್ಲಿ ಅದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೆರೆಗಳ ಉಳಿವಿನ ಬಗ್ಗೆ ವರದಿ ಕೊಟ್ಟಿತು. ನಾಗವಾರದ ದಂಡೆಯಲ್ಲಿ ಟಿಕೆಟ್ ಕೊಟ್ಟು ಒಳಗೆ ಹೋಗುವ ಮನರಂಜನಾ ಉದ್ಯಾನ ಎದ್ದದ್ದನ್ನು ಹೊರವರ್ತುಲ ರಸ್ತೆಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ.

ಹೊಳೆಯ ಪಾತ್ರ, ಕೆರೆಯಂಗಳ ನಮ್ಮ ಕಂದಾಯ ದಾಖಲೆಗಳಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಂದು ಇರುತ್ತದೆ. ಅದರ ಮೇಲೆ ಸಾಗುವಳಿ ಮಾಡುವವನ, ಬಲೆ ಹಾಕುವವನ, ಬಟ್ಟೆ ಒಗೆಯುವವಳ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಯೋಜನೆ ಬರೆಯುವವರು ಪಹಣಿ ನೋಡಿ ಜಾಗ ಖಾಲಿ ಎನ್ನುತ್ತಾರೆ. ಹಾಗಾಗಿ ಟೆಂಡರ್ ಕರೆಯುವ ಮುಂಚೆಯೇ, ವರ್ಷದ ಬೇಸಿಗೆ ಮಳೆಗಾಲ ಎರಡರಲ್ಲೂ, ಆ ದಂಡೆಯನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂಬ ಪಟ್ಟಿ ವಾರ್ಡು ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಆಗಬೇಕು. ರವಿವಾರಿಯವರನ್ನು ಉಳಿಸಿದ್ದು ಅಂಥ ಪಟ್ಟಿಯೇ. ಗುತ್ತಿಗೆ ಕೊಡುವ ಪ್ರತಿ ಜಾಗದ ಅಳತೆ, ಅವಧಿ, ಬಾಡಿಗೆ, ಜನರಿಗೆ ಬಿಡಬೇಕಾದ ದಿನಗಳು ಪಾಲಿಕೆಯ ಸಭೆಯ ಮುಂದೆ ಬರಬೇಕು, ಕಂಪನಿಯ ಕಪಾಟಿನಲ್ಲಿ ಕೂರಬಾರದು. ಎಬ್ಬಿಸುವುದು ಅನಿವಾರ್ಯವಾದರೆ ಬದಲಿ ಮನೆ ನಡೆದು ಹೋಗುವ ದೂರದಲ್ಲಿರಬೇಕು, ಹೊಸದಾಗಿ ಸಿಕ್ಕ ನೆಲದಲ್ಲೇ ಅದಕ್ಕೆ ಮೊದಲ ಪಾಲು ಎತ್ತಿಡಬೇಕು.

ಅಹಮದಾಬಾದಿನಲ್ಲಿ ಎರಡನೇ ಹಂತದ ಕೆಲಸ ಉತ್ತರಕ್ಕೆ, ಇಂದಿರಾ ಸೇತುವೆಯ ಕಡೆಗೆ ಸಾಗಿದೆ. ಮೊದಲ ಹಂತದಲ್ಲಿ ಪಟ್ಟಿಗೇ ಬಾರದೆ ಹೋದ ಮರಳಿನ ಬೇಸಾಯದಂಥ ಬಳಕೆಗಳನ್ನು ಈ ಸಲವಾದರೂ ಎಣಿಸಿದ್ದಾರೆಯೇ ಎಂದು ಅಲ್ಲಿನ ಜನ ಕೇಳಬೇಕು. ತುಂಗೆಯ, ನೇತ್ರಾವತಿಯ ದಂಡೆಯವರು ಅದೇ ಪ್ರಶ್ನೆಯನ್ನು ತಮ್ಮ ಪಾಲಿಕೆಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು.